ಹೋದ ವರ್ಷದ ಫೋಟೊಗಳಲ್ಲಿ ನಾನಿಲ್ಲ

ಮೊನ್ನೆ ಬೆಳಿಗ್ಗೆ ಹಾಲನ್ನು ಒಲೆಯ ಮೇಲಿಟ್ಟು ಮೊಬೈಲ್ ಕೈಗೆತ್ತಿಕೊಂಡೆ. ಅದು ತಾನಾಗಿಯೇ ‘ಹೋದ ವರ್ಷ ಇದೇ ದಿನಗಳಲ್ಲಿ’ ಎಂದು ಒಂದಿಷ್ಟು ಫೋಟೊ ಮುಂದಿಟ್ಟಿತು. ಬೆರಳಿನಿಂದ ಸರಿಸುತ್ತಾ ಹೋದೆ. ನವರಾತ್ರಿಯಲ್ಲಿ ಸಿಗಂದೂರಿಗೆ ಹೋದದ್ದು, ಆಯುಧಪೂಜೆಯ ದಿನ ಟಿಲ್ಲರ್ ಮೇಲೆ ಮಗನನ್ನು ಕೂರಿಸಿದ್ದು, ಭೂಮಿ ಹುಣ್ಣಿಮೆಗೆ ಗದ್ದೆಯ ಅಂಚಿನಲ್ಲಿ ಎಲೆ ಹಾಕಿಕೊಂಡು ಉಂಡದ್ದು, ದೀಪಾವಳಿಯ ಗೋಪೂಜೆ. ಮಗ ಎಲ್ಲದರಲ್ಲೂ ಇದ್ದಾನೆ. ಒಂದರಲ್ಲಿ ಅಳುತ್ತಿದ್ದಾನೆ, ಇನ್ನೊಂದರಲ್ಲಿ ಚೆಂಡು ಹೂವನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಾನೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಅವನು ಒಬ್ಬಳದೇ ಸೊಂಟದ ಮೇಲಿದ್ದಾನೆ. ಅವಳು ನನ್ನ ನಾದಿನಿ.

ನಾನಿರುವುದು ಒಂದೇ ಒಂದು ಫೋಟೊದಲ್ಲಿ. ಓಮ್ನಿಯ ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ನೋಡುತ್ತಿದ್ದೇನೆ. ಮುಖವಿಲ್ಲ, ಬೈತಲೆಯಷ್ಟೇ ಕಾಣುತ್ತದೆ.

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅತ್ತೆ ಬಂದು ಬೈದರು. ಬೈಸಿಕೊಂಡೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಗದ್ದೆ, ಎಕರೆಗೆ ತುಸು ಕಡಿಮೆ ಅಡಿಕೆ ತೋಟ, ಎರಡು ಹಸು. ಮನೆಯವರಿಗೆ ಶಿವಮೊಗ್ಗದಲ್ಲಿ ಖಾಸಗಿ ಕೆಲಸ. ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೆ ಹೊರಡುತ್ತಾರೆ. ನಾನು ಬಿ.ಎ., ಬಿ.ಇಡಿ. ಮುಗಿಸಿ ಎರಡು ವರ್ಷ ಅರ್ಜಿ ಹಾಕುತ್ತಾ ಕೂತಿದ್ದವಳು. ಅಷ್ಟರಲ್ಲಿ ಮದುವೆ, ಅದರ ಮರುವರ್ಷ ಮಗು. ಸರ್ಕಾರ ಗ್ರಾಮ ಆಡಳಿತಾಧಿಕಾರಿಯ ಒಂದು ಸಾವಿರ ಹುದ್ದೆಗಳಿಗೆ ಅರ್ಜಿ ಕರೆದಾಗ ಮಗನಿಗೆ ನಾಲ್ಕು ತಿಂಗಳು. ತೊಡೆಯ ಮೇಲೆ ಅವನನ್ನು ಮಲಗಿಸಿಕೊಂಡೇ ಅರ್ಜಿ ತುಂಬಿದ್ದೆ. ನನಗೆ ಆಗ ಇಪ್ಪತ್ತೆಂಟು. ವಯೋಮಿತಿ ಮೀರಲು ಇನ್ನೂ ವರ್ಷಗಳಿದ್ದರೂ ಮನಸ್ಸಿನೊಳಗೆ ಒಂದು ಗಡಿಯಾರ ಓಡುತ್ತಿರುತ್ತದೆ. ಓದಿ ಮನೆಯಲ್ಲಿ ಕೂತವರಿಗೆಲ್ಲ ಅದರ ಸದ್ದು ಗೊತ್ತು.

ಆ ಹುದ್ದೆಗೆ ಪಿಯುಸಿ ಆಗಿದ್ದರೆ ಸಾಕಿತ್ತು. ಹಾಗಾಗಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದ ನಾದಿನಿಯೂ ಅರ್ಜಿ ಹಾಕಿದ್ದಳು. ಒಂದೇ ಮನೆ, ಒಂದೇ ಪರೀಕ್ಷೆ. ಆದರೆ ಮನೆಯಲ್ಲಿ ನನ್ನದಕ್ಕೆ ‘ಪರೀಕ್ಷೆ’ ಎಂದು ಹೆಸರು, ಅವಳದಕ್ಕೆ ‘ಸುಮ್ನೆ ಒಂದು ಅನುಭವಕ್ಕೆ’. ಹಾಗೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಬಂದ ನೆಂಟರಿಗೆ ಹೇಳುವಾಗ ಅತ್ತೆ ಹಾಗೆ ಹೇಳುತ್ತಿದ್ದರು, ಕೇಳುತ್ತಾ ಕೇಳುತ್ತಾ ನಾವೂ ಹಾಗೇ ನಂಬಿದ್ದೆವು. ನಾದಿನಿಯೂ ನಗುತ್ತಾ ‘ಹೌದು, ಅನುಭವಕ್ಕೆ’ ಅನ್ನುತ್ತಿದ್ದಳು.

ಸೆಪ್ಟೆಂಬರ್ 29ರಂದು ಕಡ್ಡಾಯ ಕನ್ನಡ ಪರೀಕ್ಷೆ. ಇಬ್ಬರೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರೆದು ಬಂದೆವು. ಮಗ ಅಜ್ಜಿಯ ಹತ್ತಿರ ಇದ್ದ. ಬಾಟಲಿ ಹಾಲು ಮುಟ್ಟದೆ ಮಧ್ಯಾಹ್ನವೆಲ್ಲ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದ. ಮುಖ್ಯ ಪರೀಕ್ಷೆ ಅಕ್ಟೋಬರ್ 27ರ ಭಾನುವಾರ. ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಒಂದು. ನಡುವೆ ಉಳಿದದ್ದು ನಾಲ್ಕೇ ವಾರ. ಆ ನಾಲ್ಕು ವಾರಗಳಲ್ಲಿ ನವರಾತ್ರಿ, ಆಯುಧಪೂಜೆ, ವಿಜಯದಶಮಿ, ಭೂಮಿ ಹುಣ್ಣಿಮೆ, ಮತ್ತೆ ನಾಲ್ಕು ದಿನಕ್ಕೆ ದೀಪಾವಳಿ. ಮಲೆನಾಡಿನ ಮನೆಗಳಲ್ಲಿ ವರ್ಷವಿಡೀ ಹಬ್ಬವಿದ್ದರೂ ಮಳೆ ಹಿಂದೆಗೆದ ಈ ಒಂದೂವರೆ ತಿಂಗಳಿನಷ್ಟು ನೆಂಟರು ಯಾವಾಗಲೂ ಬರುವುದಿಲ್ಲ. ಬಂದವರೆಲ್ಲ ಮೊದಲು ಮಗುವನ್ನು ಎತ್ತಿಕೊಂಡು ‘ಹಲ್ಲು ಎಷ್ಟು ಬಂತು?’ ಎನ್ನುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ‘ನಿಂದು ಎಂಥಾಯ್ತು?’ ಎನ್ನುತ್ತಾರೆ. ಹಲ್ಲಿನ ಪ್ರಶ್ನೆಗೆ ನಮ್ಮ ಬಳಿ ಉತ್ತರವಿತ್ತು. ನಾಲ್ಕು ಬಂದಿದ್ದವು, ಐದನೆಯದು ಇಣುಕುತ್ತಿತ್ತು.

ಅತ್ತೆಯೇ ಒಂದು ಏರ್ಪಾಡು ಮಾಡಿದರು. ದಸರೆಯ ಹೊತ್ತಿಗೆ ನಾದಿನಿಗೆ ಕಾಲೇಜು ಇರಲಿಲ್ಲ. ಮಗು ಅವಳ ಪಾಲಿಗೆ, ಅಡುಗೆಮನೆ ಅತ್ತೆಯ ಪಾಲಿಗೆ, ಜಗುಲಿಯ ಪಕ್ಕದ ಕೋಣೆ ನನ್ನ ಪಾಲಿಗೆ. ಸೊಸೆಗೆ ಇಷ್ಟು ಮಾಡುವ ಅತ್ತೆಯಂದಿರು ಎಷ್ಟು ಜನ ಇದ್ದಾರು? ನನ್ನ ಗೆಳತಿಯರೆಲ್ಲ ‘ಪುಣ್ಯ ಮಾಡಿದ್ದೆ ಕಣೆ’ ಎಂದರು. ನಾನೂ ಹಾಗೇ ಅಂದುಕೊಂಡೆ. ಆ ಏರ್ಪಾಡಿನಲ್ಲಿ ಪರೀಕ್ಷೆ ಬರೆಯಬೇಕಾದವರು ಇಬ್ಬರು, ಕೋಣೆ ಸಿಕ್ಕಿದ್ದು ಒಬ್ಬಳಿಗೆ ಎಂಬ ಲೆಕ್ಕ ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಅದನ್ನು ಆಮೇಲೆ ಯೋಚಿಸೋಣ ಎಂದು ಪಕ್ಕಕ್ಕಿಟ್ಟಿದ್ದೆ.

ಅವಳು ಓದುತ್ತಿದ್ದುದು ಹೀಗೆ. ತೊಟ್ಟಿಲಿನ ಹಗ್ಗ ಒಂದು ಕೈಯಲ್ಲಿ, ಮೊಬೈಲ್ ಇನ್ನೊಂದು ಕೈಯಲ್ಲಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್. ಇನ್ನೊಂದು ಕಿವಿ ಮಗು ಎದ್ದೀತೆಂದು ಖಾಲಿ. ಯೂಟ್ಯೂಬಿನಲ್ಲಿ ಯಾರೋ ಮೇಷ್ಟ್ರು ಸಂವಿಧಾನ ಹೇಳುತ್ತಿರುತ್ತಿದ್ದರು. ಮಗ ಮಲಗದೆ ಹಟ ಹಿಡಿದರೆ ಅದನ್ನೇ ಜೋಗುಳದ ದಾಟಿಗೆ ಹಾಕಿ ಹೇಳುತ್ತಿದ್ದಳು. 73ನೇ ತಿದ್ದುಪಡಿ, ವಿಧಿ 243, ಹನ್ನೊಂದನೇ ಅನುಸೂಚಿ, ಇಪ್ಪತ್ತೊಂಬತ್ತು ವಿಷಯ, 1993ರ ಏಪ್ರಿಲ್ 24ಕ್ಕೆ ಜಾರಿ. ‘ಜಾರೀ…’ ಎಂದು ಎಳೆದಾಗ ಮಗ ಕಣ್ಣು ಮುಚ್ಚುತ್ತಿದ್ದ. ಕೋಣೆಯೊಳಗೆ ಗೈಡ್ ಹಿಡಿದು ಕೂತ ನನಗೂ ಪಂಚಾಯತ್ ರಾಜ್ ನೆನಪಿನಲ್ಲಿ ಕೂತದ್ದು ಆ ಜೋಗುಳದಿಂದಲೇ. ಗೈಡಿನಿಂದಲ್ಲ.

ಸಿಗಂದೂರಿಗೆ ಹೋದದ್ದು ಅಕ್ಟೋಬರ್ 6ರ ಭಾನುವಾರ. ಮಗು ಹುಟ್ಟಿದಾಗ ಅತ್ತೆ ಹರಕೆ ಹೊತ್ತಿದ್ದರು, ವರ್ಷ ತುಂಬುವುದರೊಳಗೆ ತೀರಿಸಬೇಕಿತ್ತು. ನಾನು ಬರುವುದಿಲ್ಲ ಎಂದೆ. ಮಗುವಿನ ತಾಯಿಯೇ ಬರದಿದ್ದರೆ ಹೇಗೆ ಎಂದರು. ಬಾಡಿಗೆಗೆ ಓಮ್ನಿ ಮಾಡಿಕೊಂಡು ಹೊರಟೆವು. ಈಗಾದರೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ. ಕಳೆದ ಜುಲೈಯಲ್ಲಿ ಉದ್ಘಾಟನೆಯಾದ ಮೇಲೆ ಆಚೆ ದಡ ಸೇರಲು ಐದು ನಿಮಿಷ ಸಾಕು. ಆಗ ಲಾಂಚಿಗಾಗಿ ಕಾಯಬೇಕಿತ್ತು. ನವರಾತ್ರಿ ಬೇರೆ, ಭಾನುವಾರ ಬೇರೆ. ರಸ್ತೆಯ ಮೇಲೆ ವಾಹನಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ. ಎರಡು ಗಂಟೆ ಕಾದೆವು. ಎಲ್ಲರೂ ಇಳಿದು ಸೌತೆಕಾಯಿ ತಿನ್ನುತ್ತಾ ನೀರಿನ ದಡಕ್ಕೆ ಹೋದರು. ನಾನು ಗಾಡಿಯಲ್ಲೇ ಕೂತು ಹಳೆಯ ಪ್ರಶ್ನೆಪತ್ರಿಕೆ ತೆಗೆದೆ. ಬೈತಲೆಯ ಫೋಟೊ ಅದೇ.

ಆ ವರ್ಷ ಮಳೆ ಚೆನ್ನಾಗಿತ್ತು, ಹಿನ್ನೀರು ತುಂಬಿ ನಿಂತಿತ್ತು. ಅಷ್ಟು ನೀರನ್ನು ಮಗ ಕಂಡದ್ದು ಅದೇ ಮೊದಲು. ಲಾಂಚ್ ಹೊರಟಾಗ ದಡ ಹಿಂದಕ್ಕೆ ಸರಿಯುವುದನ್ನು ನೋಡಿ ಅವನು ನಾದಿನಿಯ ಕೊರಳು ಬಿಗಿಯಾಗಿ ಹಿಡಿದುಕೊಂಡನಂತೆ. ಆಮೇಲೆ ನಕ್ಕನಂತೆ. ನಾನು ಐದು ಅಡಿ ದೂರದಲ್ಲಿ ಅದೇ ಲಾಂಚಿನ ಮೇಲೆ ಗಾಡಿಯೊಳಗೆ ಕೂತಿದ್ದರೂ ಈ ‘ನಂತೆ’ಗಳನ್ನು ಬಳಸಬೇಕಾಗಿದೆ. ಕಟ್ಟುತ್ತಿದ್ದ ಸೇತುವೆಯ ಕಂಬಗಳನ್ನು ತೋರಿಸಿ ನಾದಿನಿ ಮಗನಿಗೆ ಏನೋ ಹೇಳುತ್ತಿದ್ದಳು. ಮನೆಗೆ ಬಂದ ಮೇಲೆ ನೋಡಿದರೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಸೇತುವೆಯ ಉದ್ದ, ಅದು ಜೋಡಿಸುವ ಎರಡು ಊರು, ಯಾವ ನದಿ, ಯಾವ ಅಣೆಕಟ್ಟೆಯ ಹಿನ್ನೀರು ಎಂದೆಲ್ಲ ಬರೆದಿಟ್ಟಿದ್ದಳು. ನಾನು ಎರಡು ಗಂಟೆ ಪ್ರಚಲಿತ ವಿದ್ಯಮಾನ ಓದಿದ್ದೆ. ಅವಳು ಅದನ್ನು ಕಣ್ಣೆದುರೇ ನೋಡಿ ಬಂದಿದ್ದಳು.

ಸರಸ್ವತಿ ಪೂಜೆಯದೊಂದು ತಮಾಷೆ. ನಮ್ಮಲ್ಲಿ ಪುಸ್ತಕ ಪೂಜೆಗಿಟ್ಟರೆ ವಿಜಯದಶಮಿಯ ದಿನ ತೆಗೆಯುವವರೆಗೆ ಅಕ್ಷರ ಓದುವಂತಿಲ್ಲ. ಪರೀಕ್ಷೆಗೆ ಓದುವವರಿಗೆ ಇದಕ್ಕಿಂತ ದೊಡ್ಡ ಧರ್ಮಸಂಕಟ ಇಲ್ಲ. ನಾನು ಬಿ.ಇಡಿ. ಕಾಲದ ಒಂದು ಹಳೆಯ ಮನಃಶಾಸ್ತ್ರದ ಪುಸ್ತಕವನ್ನು ದೇವರ ಮುಂದಿಟ್ಟು ಉಳಿದವನ್ನು ಕೋಣೆಯಲ್ಲೇ ಉಳಿಸಿಕೊಂಡೆ. ಸರಸ್ವತಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ನಾದಿನಿಯ ಬಳಿ ಇದ್ದದ್ದು ಒಂದೇ ಗೈಡ್. ಅದನ್ನು ಇಟ್ಟು ಕೈಮುಗಿದಳು. ‘ಮತ್ತೆ ಓದುವುದು?’ ಎಂದೆ. ಮೊಬೈಲ್ ತೋರಿಸಿ ಕಣ್ಣು ಹೊಡೆದಳು. ಆಯುಧಪೂಜೆಯ ದಿನ ಆ ಮೊಬೈಲಿಗೂ ಕುಂಕುಮ ಬಿತ್ತು, ಕ್ಯಾಮೆರಾ ಕಣ್ಣಿನ ಮೇಲೇ ಬಿತ್ತು. ದಶಮಿಯ ಫೋಟೊಗಳೆಲ್ಲ ಸ್ವಲ್ಪ ಕೆಂಪಗಿರುವುದು ಅದಕ್ಕೇ.

ಭೂಮಿ ಹುಣ್ಣಿಮೆಯ ವಿಷಯ ಬೇರೆ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಯಲುಸೀಮೆಯಲ್ಲಿ ಇದು ಸೀಗೆ ಹುಣ್ಣಿಮೆ. ನಮ್ಮ ಕಡೆ ಆ ಹೊತ್ತಿಗೆ ಭತ್ತ ಹೊಡೆಯಾಗಿರುತ್ತದೆ. ಎಂದರೆ ತೆನೆ ಇನ್ನೂ ಹೊರಬಂದಿರುವುದಿಲ್ಲ, ಒಳಗೆ ತುಂಬಿಕೊಂಡಿರುತ್ತದೆ. ಬಸುರಿ ಹೆಂಗಸಿಗೆ ಬಯಕೆ ಊಟ ಹಾಕುವಂತೆ ಭೂಮಿಗೂ ಆ ದಿನ ಬಯಕೆ ತೀರಿಸುತ್ತೇವೆ. ದಸರೆ ಮುಗಿಯುತ್ತಿದ್ದಂತೆ ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯ ಹೆಂಗಸರು ಮಲಗುವುದಿಲ್ಲ. ಸೌತೆಕಾಯಿ ಕಡುಬು, ಬುತ್ತಿ, ಹೋಳಿಗೆ, ಪಾಯಸ, ಅಮಟೆಕಾಯಿಯದೊಂದು ಗೊಜ್ಜು. ಸಿಕ್ಕ ಸೊಪ್ಪು, ಸಿಕ್ಕ ತರಕಾರಿಯನ್ನೆಲ್ಲ ಸೇರಿಸಿ ಬೇಯಿಸಿದ್ದು ಬೇರೆ. ಅದನ್ನು ಬೆಳಕು ಹರಿಯುವ ಮುಂಚೆ ಗಂಡಸರು ಗದ್ದೆ ತೋಟಕ್ಕೆಲ್ಲ ಬೀರುತ್ತಾ ಭೂತಾಯಿಯನ್ನು ಉಣ್ಣಲು ಕೂಗಿ ಕರೆಯುತ್ತಾರೆ. ಕತ್ತಲಲ್ಲಿ ಒಂದೊಂದು ಗದ್ದೆಯಿಂದ ಒಂದೊಂದು ದನಿ ಏಳುತ್ತದೆ. ಮದುವೆಯಾದ ವರ್ಷ ಮೊದಲ ಬಾರಿಗೆ ಕೇಳಿದಾಗ ನನ್ನ ಮೈ ಜುಮ್ಮೆಂದಿತ್ತು.

2024ರ ಆ ರಾತ್ರಿ ನಾನು ಕೋಣೆಯಲ್ಲಿದ್ದೆ. ‘ನೀ ಬರದು ಬ್ಯಾಡ, ಓದ್ಕ’ ಎಂದು ಅತ್ತೆ ಮೊದಲೇ ಹೇಳಿದ್ದರು. ಕಂಪ್ಯೂಟರ್ ಪ್ರಶ್ನೆಗಳು ನನಗೆ ಕಷ್ಟ, ಅದನ್ನೇ ಹಿಡಿದಿದ್ದೆ. ಗೋಡೆಯಾಚೆ ರುಬ್ಬುವ ಸದ್ದು, ಕಡುಬು ಬೇಯುವ ಬಾಳೆಲೆಯ ವಾಸನೆ, ಅತ್ತೆ-ನಾದಿನಿಯ ಮೆಲುಮಾತು. ಹನ್ನೆರಡಕ್ಕೆ ಮಗ ಎದ್ದ. ನಾದಿನಿ ಹಿಟ್ಟಿನ ಕೈ ತೊಳೆದುಕೊಂಡು ಬಂದು ಅವನನ್ನು ಎತ್ತಿಕೊಂಡು ಹೋದಳು. ಎರಡಕ್ಕೆ ಮತ್ತೆ ಎದ್ದ, ಮತ್ತೆ ಅವಳೇ ಬಂದಳು. ಮೂರಕ್ಕೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವಳು ಮಗನನ್ನು ಸೀರೆಯಿಂದ ಬೆನ್ನಿಗೆ ಕಟ್ಟಿಕೊಂಡು ಬುಟ್ಟಿಯ ಚಿತ್ತಾರದ ಕೊನೆಯ ಗೆರೆಗಳನ್ನು ಎಳೆಯುತ್ತಿದ್ದಳು. ಪಕ್ಕದಲ್ಲಿ ಮೊಬೈಲ್. ಕಿವಿಯಲ್ಲಿ ಇಯರ್‌ಫೋನ್. ನನ್ನನ್ನು ನೋಡಿ ‘ಅತ್ತಿಗೆ, ಎಷ್ಟಾಯ್ತು ಓದಿದ್ದು?’ ಎಂದು ಕೇಳಿದಳು. ‘ನಿಂದು?’ ಎಂದು ನಾನು ಕೇಳಬೇಕಿತ್ತು. ನೀರು ಕುಡಿದು ಕೋಣೆಗೆ ಬಂದೆ.

ಆ ಬೆಳಿಗ್ಗೆ ಗದ್ದೆಯಲ್ಲಿ ಉಣ್ಣುವಾಗ ಮಗ ಮೊದಲ ಬಾರಿಗೆ ಸ್ಪಷ್ಟವಾಗಿ ಒಂದು ಮಾತು ಆಡಿದ. ‘ಅತ್ತ’ ಎಂದ. ಸೋದರತ್ತೆಯನ್ನು ಕರೆದದ್ದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಡುಬು ಗಂಟಲಲ್ಲಿ ಸ್ವಲ್ಪ ಹೊತ್ತು ನಿಂತಿತ್ತು.

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ. ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಇಬ್ಬರ ಪ್ರವೇಶಪತ್ರವನ್ನೂ ಸಾಗರದಿಂದ ಪ್ರಿಂಟ್ ತೆಗೆಸಿ ತಂದಿದ್ದರು. ನನಗೆ ಶಿವಮೊಗ್ಗದ ಒಂದು ಕಾಲೇಜು, ಅವಳಿಗೆ ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ಇನ್ನೊಂದು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗಳ ಕಡೆ ನೋಡಿ ಹೇಳಿದರು: ‘ಈ ಸಲ ನೀ ಬಿಟ್ರೆ ಆಗದಿಲ್ವನೆ? ಕೂಸು ನನ್ನ ಹತ್ರ ನಿಲ್ಲದಿಲ್ಲ. ಹೋದ್ಸಲ ನೋಡಿದ್ಯಲ್ಲ. ನೀ ಇದ್ರೆ ಸುಮ್ನಿರ್ತದೆ. ನಿಂಗೆ ಇನ್ನೂ ವಯಸ್ಸಿದೆ.’

ಅತ್ತೆಯದು ಕೆಟ್ಟ ಮನಸ್ಸಲ್ಲ. ಅವರು ಮನೆ ನಡೆಸುವವರು, ಇರುವ ಕೈಗಳನ್ನು ಎಣಿಸುತ್ತಿದ್ದರು. ನಾದಿನಿ ಏನೂ ಹೇಳಲಿಲ್ಲ. ಅನ್ನದಲ್ಲಿ ಬೆರಳಾಡಿಸುತ್ತಾ ಇದ್ದಳು. ಆಗ ಎಲ್ಲರಿಗಿಂತ ಮೊದಲು ಬಾಯಿ ಬಿಡಬೇಕಾದವಳು ನಾನು. ‘ಇಲ್ಲ ಅತ್ತೆ, ಅವಳೂ ಬರೆಯಲಿ’ ಎಂಬ ಒಂದು ವಾಕ್ಯ. ನಾನು ಹೇಳಲಿಲ್ಲ. ಎಷ್ಟು ಹೊತ್ತು ಎಂದು ಈಗ ಕೇಳಿದರೆ ಅರ್ಧ ನಿಮಿಷವಿರಬಹುದು. ಆ ಅರ್ಧ ನಿಮಿಷದಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: ಅವಳು ಮಗುವಿನ ಜೊತೆ ಗೇಟಿನ ಹೊರಗೆ ನಿಂತರೆ ನಾನು ನಿಶ್ಚಿಂತೆಯಿಂದ ಬರೆಯಬಹುದು.

ಮಾತಾಡಿದವರು ಮಾವ. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ‘ಫೀಸ್ ಕಟ್ಟಿದೀನಿ, ಇಬ್ರಿಗೂ’ ಎಂದು ಕೈತೊಳೆಯಲು ಎದ್ದರು. ಅಲ್ಲಿಗೆ ಮುಗಿಯಿತು.

ಭಾನುವಾರ ನಸುಕಿಗೆ ಅದೇ ಓಮ್ನಿಯಲ್ಲಿ ಮನೆಮಂದಿಯೆಲ್ಲ ಶಿವಮೊಗ್ಗಕ್ಕೆ ಹೊರಟೆವು. ನಾಲ್ಕು ಗಂಟೆಗೆ ಎದ್ದು ಎಲ್ಲರಿಗೂ ಚಿತ್ರಾನ್ನ ಕಲಸಿ ಡಬ್ಬಿ ಕಟ್ಟಿದ್ದು ನಾದಿನಿ. ಮೊದಲು ಅವಳನ್ನು ಅವಳ ಕೇಂದ್ರದಲ್ಲಿ ಇಳಿಸಿದೆವು. ಕಿವಿಯೋಲೆ, ಬಳೆ, ಕ್ಲಿಪ್ಪು ಎಲ್ಲ ತೆಗೆದು ನನ್ನ ಕೈಗೆ ಕೊಟ್ಟು, ಮಗನ ಕೆನ್ನೆ ಹಿಂಡಿ ಒಳಗೆ ಹೋದಳು. ಅವಳ ಜೊತೆ ಯಾರೂ ನಿಲ್ಲಲಿಲ್ಲ. ಉಳಿದವರೆಲ್ಲ ನನ್ನ ಕೇಂದ್ರಕ್ಕೆ ಬಂದರು, ಮಗು ಅಲ್ಲಿ ತಾನೆ ಇರಬೇಕು.

ಮಾಂಗಲ್ಯ, ಕಾಲುಂಗುರ ಬಿಟ್ಟು ಬೇರೆ ಒಡವೆ ಬೇಡ ಎಂದಿದ್ದರು, ತಪಾಸಣೆ ಮುಗಿಸಿ ಒಳಗೆ ಹೋದೆ. ಬೆಳಿಗ್ಗೆಯ ಪತ್ರಿಕೆಯಲ್ಲಿ ಸುಮಾರು ಪ್ರಶ್ನೆ ಗೊತ್ತಿದ್ದವು, ಗೊತ್ತಿದ್ದಂತೆ ಅನಿಸಿದವು ಇನ್ನೂ ಹೆಚ್ಚು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ ಎಂದು ಗೊತ್ತಿದ್ದೂ ಓಎಂಆರ್ ಹಾಳೆಯಲ್ಲಿ ಖಾಲಿ ವೃತ್ತ ಬಿಡಲು ಕೈ ಬರಲಿಲ್ಲ. ಈ ಚಟವಿರುವವರು ನಾನೊಬ್ಬಳೇ ಅಲ್ಲ ಎಂದು ನಂಬಿದ್ದೇನೆ.

ಮಧ್ಯಾಹ್ನ ಹೊರಗೆ ಓಡಿ ಬಂದಾಗ ಕಂಡ ದೃಶ್ಯ ಮರೆಯಲಾರೆ. ಕಾಲೇಜಿನ ಎದುರಿನ ಮರಗಳ ಕೆಳಗೆ ಹತ್ತಾರು ಕುಟುಂಬ. ಪ್ರತಿ ಮರದಡಿ ಒಂದು ಮಗು, ಮಗುವಿನ ಜೊತೆ ಒಬ್ಬ ಅಜ್ಜಿಯೋ ಗಂಡನೋ. ಒಬ್ಬಾಕೆ ಸೆರಗಿನ ಮರೆಯಲ್ಲಿ ಹಾಲು ಕುಡಿಸುತ್ತಾ ಇನ್ನೊಂದು ಕೈಯಲ್ಲಿ ಇಂಗ್ಲಿಷ್ ವ್ಯಾಕರಣದ ನೋಟ್ಸ್ ಹಿಡಿದಿದ್ದಳು. ಇನ್ನೊಬ್ಬನ ಹೆಗಲ ಮೇಲೆ ಮೂರು ತಿಂಗಳಿನದಿರಬೇಕು, ಅದು ಅವನ ಅಂಗಿಯ ಮೇಲೆಲ್ಲ ಕಕ್ಕಿತ್ತು. ನನ್ನ ಮಗ ಅಜ್ಜಿಯ ಮಡಿಲಲ್ಲಿ ಬಿಕ್ಕುತ್ತಾ ಕೂತಿದ್ದ. ನನ್ನನ್ನು ಕಂಡವನೇ ಹಾಲು ಕುಡಿದ. ಕುಡಿದು ಮುಗಿಸಿ ನನ್ನ ಹಿಂದೆ, ಗೇಟಿನ ಕಡೆ, ಯಾರನ್ನೋ ಹುಡುಕಿದ. ‘ಅತ್ತ?’ ಎಂದ. ಮನೆಯವರು ಡಬ್ಬಿ ಬಿಚ್ಚಿ ಚಿತ್ರಾನ್ನ ಕೊಟ್ಟರು. ಅವಳ ಕೇಂದ್ರದಲ್ಲಿ ಅವಳು ಒಬ್ಬಳೇ ಡಬ್ಬಿ ಬಿಚ್ಚಿರುತ್ತಾಳೆ ಎಂದು ಅನಿಸಿತು. ತಿಂದೆ.

ಪರೀಕ್ಷೆಯ ಮರುದಿನವೇ, ಒಳಮೀಸಲಾತಿಯ ವಿಷಯ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲ ಎಂದು ಸಚಿವ ಸಂಪುಟ ತೀರ್ಮಾನಿಸಿತು. ಅಂದರೆ ನಾವು ಬರೆದದ್ದು ಸದ್ಯಕ್ಕೆ ಕೊನೆಯ ಕೆಲವು ಅವಕಾಶಗಳಲ್ಲೊಂದು. ದೀಪಾವಳಿಗೆ ಮನೆ ತುಂಬ ನೆಂಟರು. ನರಕ ಚತುರ್ದಶಿ, ರಾಜ್ಯೋತ್ಸವ, ಬಲಿಪಾಡ್ಯಮಿ, ಆಮೇಲೆ ಭಾನುವಾರ, ಹೀಗೆ ಸಾಲಾಗಿ ನಾಲ್ಕು ದಿನ ರಜೆ ಬಿದ್ದದ್ದರಿಂದ ಬೆಂಗಳೂರಿನಲ್ಲಿರುವ ದಾಯಾದಿಗಳೂ ಬಂದಿದ್ದರು. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಹಿಂಡಲಕಾಯಿ ಬಳ್ಳಿ ಸುತ್ತಿ ಮುಗಿಸಿದ ಮೇಲೆ, ನಾನೂ ನಾದಿನಿಯೂ ಬಚ್ಚಲ ಒಲೆಯ ಮುಂದೆ ಕೂತು ಯೂಟ್ಯೂಬಿನ ಮೇಷ್ಟ್ರು ಹಾಕಿದ್ದ ಉತ್ತರಗಳಿಗೆ ನಮ್ಮ ಪ್ರಶ್ನೆಪತ್ರಿಕೆ ಹೋಲಿಸಿ ನೋಡಿದೆವು. ಇನ್ನೂರಕ್ಕೆ ನನಗೆ ತೊಂಬತ್ತಾರು ಬರಬಹುದು ಎಂದಾಯಿತು. ಅವಳಿಗೆ ನೂರಾ ಮೂವತ್ತೊಂದು.

ಅವಳು ಎರಡು ಸಲ ಎಣಿಸಿದಳು. ನಾನು ಒಂದು ಸಲ ನೋಡಿ ಎದ್ದುಬಿಟ್ಟೆ. ಒಲೆಯ ಹೊಗೆ ಎಂದು ಹೇಳಿದೆ. ಅಸೂಯೆ ಎಂಬ ಪದವನ್ನು ಕನ್ನಡ ಪತ್ರಿಕೆಯಲ್ಲಿ ನೂರು ಸಲ ಓದಿದ್ದೆ. ಅದು ಹೊಟ್ಟೆಯಲ್ಲಿ ಎಲ್ಲಿ ಕೂರುತ್ತದೆ ಎಂದು ಗೊತ್ತಾದದ್ದು ಅಂದು. ಅದರ ಜೊತೆಗೇ ಇನ್ನೊಂದೂ ಇತ್ತು, ಅದಕ್ಕೆ ಹೆಸರು ಸಿಗಲಿಲ್ಲ. ಕೋಣೆಯಿದ್ದವಳಿಗೆ ತೊಂಬತ್ತಾರು, ಸೊಂಟದ ಮೇಲೆ ಕೂಸಿದ್ದವಳಿಗೆ ನೂರಾ ಮೂವತ್ತೊಂದು. ಅವಳಿಗೆ ಕೋಣೆ ಇದ್ದಿದ್ದರೆ?

ಬಲಿಪಾಡ್ಯಮಿಯ ಬೆಳಿಗ್ಗೆ ಹಸುಗಳ ಮೈ ತೊಳೆದು, ಕೊರಳಿಗೆ ಚೆಂಡು ಹೂವು, ಅಡಿಕೆಯ ಹಾರ ಕಟ್ಟಿ ಅಂಗಳಕ್ಕೆ ತಂದಿದ್ದರು. ಮಗ ಅಷ್ಟು ಹೊತ್ತಿಗೆ ಗೋಡೆ ಹಿಡಿದು ನಿಲ್ಲುತ್ತಿದ್ದ. ತುಳಸಿಕಟ್ಟೆ ಹಿಡಿದು ನಿಂತವನು ಇದ್ದಕ್ಕಿದ್ದಂತೆ ಕೈ ಬಿಟ್ಟ. ನಾನು ಒಂದು ಕಡೆ ಕುಕ್ಕರುಗಾಲಲ್ಲಿ ಕೂತು ಕೈಚಾಚಿ ‘ಬಾ ಪುಟ್ಟ’ ಎಂದೆ. ಇನ್ನೊಂದು ಕಡೆ ನಾದಿನಿಯೂ ಕೈಚಾಚಿ ಕೂತಿದ್ದಳು. ನನ್ನ ಎದೆ ಪರೀಕ್ಷೆಯಲ್ಲೂ ಅಷ್ಟು ಹೊಡೆದುಕೊಂಡಿರಲಿಲ್ಲ. ಅವನು ನನ್ನ ಕಡೆ ನೋಡಿದ, ಅವಳ ಕಡೆ ನೋಡಿದ. ನಮ್ಮಿಬ್ಬರ ನಡುವಿನಿಂದ ಒಂದು, ಎರಡು, ಮೂರು ಹೆಜ್ಜೆ ಹಾಕಿ ಕರುವಿನ ಕೊರಳ ಹಾರಕ್ಕೆ ಕೈಹಾಕಿದ. ಹೂವನ್ನು ಬಾಯಿಗೆ ತುರುಕಿಕೊಳ್ಳುತ್ತಿರುವ ಫೋಟೊ ಆಗಿನದು. ಕರು ಬೆದರಿ ಹಾರಿತು, ಅವನು ಸಗಣಿಯ ಮೇಲೆ ಕೂತ, ಅಂಗಳವೆಲ್ಲ ನಗು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಬಿದ್ದು ಬಿದ್ದು ನಕ್ಕೆವು. ಒಲೆಯ ಮುಂದಿನ ಆ ಸಂಜೆಯ ನಂತರ ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ.

ನವೆಂಬರ್ ಕೊನೆಗೆ ಮಗನ ವರ್ಷ ತುಂಬಿತು. ಸಾಗರದ ಬೇಕರಿಯ ಕೇಕು, ಬಲೂನು, ಟೋಪಿ, ಎಲ್ಲರ ಮನೆಯಲ್ಲೂ ಆಗುವಂತೆಯೇ.

ಫಲಿತಾಂಶ ಬಂದಾಗ ನನ್ನದು ಯಾವ ಲೆಕ್ಕಕ್ಕೂ ಇರಲಿಲ್ಲ. ನಾದಿನಿಗೆ ಅವಳ ವರ್ಗದಲ್ಲಿ ಒಂದೂವರೆ ಅಂಕದಿಂದ ತಪ್ಪಿತ್ತು. ಒಂದೂವರೆ ಅಂಕವೆಂದರೆ ಎರಡು ಪ್ರಶ್ನೆ. ಭೂಮಿ ಹುಣ್ಣಿಮೆಯ ಒಂದು ರಾತ್ರಿ ಎಂದು ನಾನು ಲೆಕ್ಕ ಹಾಕಿದೆ. ಅಥವಾ ನಸುಕಿನ ಚಿತ್ರಾನ್ನದ ಎರಡು ಗಂಟೆ. ಅವಳ ಮುಂದೆ ಒಮ್ಮೆ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಆ ಊಟದ ರಾತ್ರಿಯ ಅರ್ಧ ನಿಮಿಷವನ್ನೂ ಹೇಳಿದೆ. ಅವಳು ತೊಟ್ಟಿಲು ತೂಗುವಷ್ಟೇ ಸಲೀಸಾಗಿ, ‘ಬಿಡಿ ಅತ್ತಿಗೆ, ಪುಟ್ಟ ಎಬ್ಬಿಸ್ದೆ ಇದ್ದಿದ್ರೆ ನಾನು ರಾತ್ರಿಯಿಡೀ ನಿದ್ದೆ ಹೊಡೀತಿದ್ದೆ, ಅಷ್ಟೂ ಬರ್ತಿರಲಿಲ್ಲ’ ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಆ ಅರ್ಧ ನಿಮಿಷ ನಂಗೂ ನೆನಪಿದೆ’ ಎಂದಳು. ಇನ್ನೇನೂ ಹೇಳಲಿಲ್ಲ. ಮೊದಲನೆಯದು ನನ್ನ ಸಮಾಧಾನಕ್ಕೆ ಹೇಳಿದ ಮಾತು. ಎರಡನೆಯದು ನಿಜವಾದ ಮಾತು.

ಈಗ ನಾನು ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಾದಿನಿ ಪದವಿ ಮುಗಿಸಿದ್ದಾಳೆ. ನೇಮಕಾತಿಯ ಸುದ್ದಿ ಮತ್ತೆ ಶುರುವಾಗಿದೆ, ಇಬ್ಬರೂ ಓದುತ್ತಿದ್ದ ಪುಸ್ತಕಗಳು ಈಗ ಜಗುಲಿಯ ಪಕ್ಕದ ಕೋಣೆಯಲ್ಲಿ ಅವಳ ಮೇಜಿನ ಮೇಲಿವೆ. ನಾನು ಓದುವುದು ಬಿಟ್ಟಿಲ್ಲ, ರಾತ್ರಿ ಮಗ ಮಲಗಿದ ಮೇಲೆ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತೇನೆ. ಕಲಿಸಿದವಳು ಅವಳೇ.

ಈ ಸಲದ ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ, ಅಕ್ಟೋಬರ್ 6ರಂದು, ಅತ್ತೆ ಅಕ್ಕಿ ತೊಳೆಯುತ್ತಾ ‘ಅವಳನ್ನೂ ಕರಿಯೇ, ಇಬ್ಬರಿಂದ ಮುಗಿಯದಿಲ್ಲ’ ಎಂದರು. ‘ಬೇಡ ಅತ್ತೆ, ಅವಳು ಓದಲಿ’ ಎಂದೆ. ಹೇಳುವುದು ಎಷ್ಟು ಸುಲಭವಿತ್ತು! ಅತ್ತೆ ನನ್ನ ಮುಖ ನೋಡಿದರು, ಸೌತೆಕಾಯಿ ನನ್ನ ಮುಂದೆ ತಳ್ಳಿದರು. ತುರಿದೆ, ರುಬ್ಬಿದೆ, ಎಲೆ ಮಡಚಿದೆ. ಬುಟ್ಟಿಗೆ ಚಿತ್ತಾರವನ್ನೂ ನಾನೇ ಬರೆದೆ. ಗೆರೆಗಳು ಸೊಟ್ಟಗೆ ಬಂದಿವೆ, ಭೂತಾಯಿ ಹೊಂದಿಕೊಳ್ಳಬೇಕು.

ಹನ್ನೊಂದೂವರೆಗೆ ಮಗ ಎದ್ದ. ಇನ್ನೂ ಎರಡು ವರ್ಷ ತುಂಬಿಲ್ಲ, ಆದರೆ ಮನೆಯ ಬಾಗಿಲುಗಳೆಲ್ಲ ಅವನಿಗೆ ಗೊತ್ತು. ನೇರ ಹೋಗಿ ಕೋಣೆಯ ಬಾಗಿಲು ಬಡಿದು ‘ಅತ್ತೇ’ ಎಂದು ಕೂಗಿದ. ಎತ್ತಿಕೊಂಡು ಬಂದೆ, ಹೊಯ್ದಾಡಿ ಇಳಿದು ಮತ್ತೆ ಓಡಿದ. ಮೂರನೇ ಸಲ ಬಾಗಿಲು ಗೇಣಗಲ ತೆರೆಯಿತು. ‘ಹದಿನೈದೇ ನಿಮಿಷ’ ಎಂದು ಷರತ್ತು ಹಾಕಿ ಒಳಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ‘ವಿಧಿ ಇನ್ನೂರ ನಲವತ್ಮೂರು’ ಎಂಬ ಜೋಗುಳ ಕೇಳಿಸಿತು, ಅದರ ಬಾಲ ಹಿಡಿದು ‘ಜಾಲೀ…’ ಎಂಬ ಸಣ್ಣ ದನಿಯೂ. ನಾನು ಕಡುಬಿನ ಪಾತ್ರೆಗೆ ಮುಚ್ಚಳ ಹಾಕಿ ಗೋಡೆ ಗಡಿಯಾರದ ಕೆಳಗೆ ಕೂತೆ. ಹದಿನಾರನೇ ನಿಮಿಷಕ್ಕೆ ಎದ್ದು ಹೋಗಿ ಬಾಗಿಲು ತಟ್ಟಿದೆ.